ಗೌರಿಯ ಲೇಸಿಗೆ ದಿಂಬು ಜಡಿದದ್ದು

ಇವತ್ತು ಬೆಳಿಗ್ಗೆ ನನ್ನ ಮೊಮ್ಮಗಳು ಗೌರಿ ದಿಂಬಿನಿಂದ ಲೇಸು ಇಳಿಸಿದಳು. ಐದು ಗಜ ಉದ್ದ, ಒಂದು ಮೊಳ ಅಗಲ. ಎಲ್ಲೂ ಜೋಡಿಸಿದ ಹೊಲಿಗೆ ಇಲ್ಲ, ಎಲ್ಲೂ ಕಲೆ ಇಲ್ಲ. ಇದನ್ನು ಮೊದಲು ಹೇಳಿ ಮುಗಿಸದಿದ್ದರೆ ಉಳಿದದ್ದನ್ನು ಬರೆಯಲು ನನ್ನ ಕೈ ಕೇಳುವುದಿಲ್ಲ. ಬೆಳಿಗ್ಗೆಯಿಂದ ಎದುರು ಸಿಕ್ಕವರಿಗೆಲ್ಲ ಹೇಳಿದ್ದೇನೆ. ಟಪಾಲಿನವನನ್ನು ನಿಲ್ಲಿಸಿ, “ನಮ್ಮ ಗೌರಿದು ಸುಸೂತ್ರ ಆಯ್ತು ಮಾರಾಯ” ಎಂದರೆ ಅವನು, “ಒಳ್ಳೇದಾಯ್ತು ಅಜ್ಜಯ್ಯ, ಗಂಡೋ ಹೆಣ್ಣೋ?” ಎಂದು ಕೇಳಿದ. ಅವಳಿಗೆ ಇನ್ನೂ ಮದುವೆಯೇ ಆಗಿಲ್ಲ. ನಗು ತಡೆಯಲಾಗದೆ ಅವನ ಹೆಗಲು ಹಿಡಿದುಕೊಂಡು ನಿಂತೆ.

ನಾನು ಮಂಜಯ್ಯ. ಆಲ್ದೂರಿನ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿ ಸ್ಟೋರ್ ಮೇಸ್ತ್ರಿಯಾಗಿ ದುಡಿದವನು. ಓದಿದ್ದು ಎರಡನೇ ಕ್ಲಾಸು. ಮೂಟೆಯ ಮೇಲೆ ಮಾರ್ಕು ಬರೆದು ಬರೆದು ಅಕ್ಷರ ಕುದುರಿತು, ಅಷ್ಟೆ. ಕಾಫಿ ಹಣ್ಣಿನ ಸಿಪ್ಪೆ ತೆಗೆದು, ತೊಳೆದು, ಒಣಗಿಸಿದ ಮೇಲೆ ಬೀಜದ ಮೇಲೆ ತೆಳ್ಳಗೆ ಒಂದು ಹೊಟ್ಟು ಉಳಿಯುತ್ತದೆ. ಹೊಟ್ಟಿನ ಸಮೇತದ ಆ ಬೀಜಕ್ಕೆ ಪಾರ್ಚ್‌ಮೆಂಟ್ ಎನ್ನುತ್ತಾರೆ. ಆ ಪಾರ್ಚ್‌ಮೆಂಟನ್ನು ಗೋಣಿಗೆ ತುಂಬಿ, ಬಾಯಿ ಹೊಲಿದು, ಹೊಟ್ಟು ಬಿಡಿಸುವ ಕ್ಯೂರಿಂಗ್ ವರ್ಕ್ಸಿಗೆ ಗಾಡಿ ಹತ್ತಿಸುವುದು ನನ್ನ ಕೆಲಸ. ಅದರಲ್ಲಿ ಒಂದು ನಿಯಮ ಉಂಟು. ಪಾರ್ಚ್‌ಮೆಂಟನ್ನು ಜಡಿದು ತುಂಬಬಾರದು. ಜಡಿದರೆ ಒಳಗೆ ಕಾವು ಹುಟ್ಟಿ ಕಾಫಿ ಮುಗ್ಗುತ್ತದೆ. ಮೂಟೆಗೆ ಉಸಿರಾಡಲು ಜಾಗ ಬಿಡಬೇಕು. ಆಯಸ್ಸಿನ ಉದ್ದಕ್ಕೂ ನನ್ನ ಕೈ ಕಲಿತದ್ದು ಆ ಜಾಗ ಬಿಡುವುದನ್ನೇ.

ನಾನು ಹೇಳಹೊರಟಿರುವ ಕೆಲಸ ಶುರುವಾದದ್ದು ಯುದ್ಧದಿಂದ ಹಡಗುಗಳು ಹೊತ್ತಿಗೆ ಸರಿಯಾಗಿ ಬಾರದಂತಾದ ಕಾಲದಲ್ಲಿ. ಆಲ್ದೂರಿಗೆ ಬರುತ್ತಿದ್ದ ಬಸ್ಸು ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಏದುಸಿರು ಬಿಡುತ್ತ ಓಡುತ್ತಿತ್ತು. ನಮ್ಮ ಎಸ್ಟೇಟಿನ ದೊರೆಸಾನಿಯವರು ಬಂಗಲೆಯ ಹಿಂದಿನ ಕುದುರೆ ಜೀನು ಇಡುತ್ತಿದ್ದ ಹಳೇ ಕೋಣೆಯಲ್ಲಿ ಲೇಸ್ ರೂಮ್ ನಡೆಸುತ್ತಿದ್ದರು. ಕೂಲಿಯಾಳುಗಳ ಲೈನ್ ಮನೆಗಳ ಕೆಲವು ಹುಡುಗಿಯರು ಅಲ್ಲಿ ಕುಳಿತು ಲೇಸು ಹೆಣೆಯುತ್ತಿದ್ದರು. ನನ್ನ ಮಗ ಲಿಂಗಪ್ಪನ ಮಗಳು ಗೌರಿ ಚಿಕ್ಕಂದಿನಿಂದ ಅಲ್ಲೇ ಬೆಳೆದವಳು.

ಲೇಸಿನ ಕೆಲಸವನ್ನು ನೋಡದವರಿಗೆ ಸ್ವಲ್ಪ ಹೇಳಬೇಕು. ಇಲ್ಲಿ ದಿಂಬು ಎಂದರೆ ತಲೆ ಇಟ್ಟು ಮಲಗುವ ದಿಂಬಲ್ಲ. ಗಟ್ಟಿಯಾದ ಒಂದು ದಿಂಬಿನ ಮೇಲೆ ತೂತು ಚುಚ್ಚಿದ ಕಾರ್ಡು ಹಚ್ಚುತ್ತಾರೆ. ದಾರವನ್ನು ಬಾಬಿನ್ ಎಂಬ ಬೆರಳುದ್ದದ ಕಡ್ಡಿಗಳಿಗೆ ಸುತ್ತಿ ಇಳಿಬಿಡುತ್ತಾರೆ. ನಮ್ಮಲ್ಲಿ ಅವನ್ನು ಹಳೇ ಕಾಫಿ ಬೊಡ್ಡೆಯಲ್ಲೇ ಕೆತ್ತುತ್ತಿದ್ದರು. ಎರಡೆರಡು ಜೋಡಿ ಬಾಬಿನ್ ಹಿಡಿದು, ಒಂದನ್ನು ಇನ್ನೊಂದರ ಮೇಲೆ ದಾಟಿಸಿ, ತಿರುಚಿ, ತೂತಿಗೆ ಗುಂಡುಸೂಜಿ ಚುಚ್ಚಿ ಬಿಗಿಯುತ್ತಾರೆ. ಸೂಜಿ ಕದಲದೆ ನಿಂತರೆ ಮಾತ್ರ ಹೂವು ಹೂವಾಗುತ್ತದೆ. ಕೊನೆಗೆ ಸೂಜಿ ಕಿತ್ತರೆ ಉಳಿಯುವುದು ದಾರ ಮತ್ತು ಗಾಳಿ. ಮೊದಲ ಸಲ ನೋಡಿದಾಗ ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಈಗಲೂ ಹಾಗೇ ನಿಲ್ಲುತ್ತೇನೆ.

ಕಾಫಿ ಕುಯ್ಲು ಮುಗಿದ ಮೇಲೆ ಒಂದು ದಿನ ದೊರೆಸಾನಿಯವರು ನನ್ನನ್ನು ಲೇಸ್ ರೂಮಿಗೆ ಕರೆಸಿದರು. ಗೌರಿ ಗೋಡೆಗೆ ಒರಗಿ ನಿಂತಿದ್ದಳು. ಬಾಗಿಲಲ್ಲಿ ಎಸ್ಟೇಟಿನ ಲೆಕ್ಕ ನೋಡುವ ರೈಟರ್ ಸುಬ್ಬರಾಯರು ಕೋಣೆಯ ಉದ್ದಗಲವನ್ನು ಕಣ್ಣಲ್ಲೇ ಅಳೆಯುತ್ತಿದ್ದರು. ಮೂಳೆಗೊಬ್ಬರ ಇಡಲು ಅವರಿಗೆ ಜಾಗ ಸಾಲುತ್ತಿರಲಿಲ್ಲ.

“ಮಂಜಯ್ಯ,” ಎಂದರು ದೊರೆಸಾನಿ. ನಮ್ಮ ನಡುವೆ ಮೂವತ್ತು ವರ್ಷ ಇದ್ದು ಅವರ ಕನ್ನಡ ನಮ್ಮ ಕನ್ನಡದಂತೆಯೇ ಆಗಿತ್ತು. “ಮದ್ರಾಸಿನಿಂದ ದೊಡ್ಡ ಕೆಲಸ ಬಂದಿದೆ. ಮದುವೆ ಹೆಣ್ಣಿನ ಉಡುಪಿಗೆ ಅಂಚು, ಐದು ಗಜ. ಮದುವೆ ಬರುವ ವರ್ಷ ಬೇಸಗೆಗೆ. ಇಂಥದ್ದಕ್ಕೆ ಈ ಸಣ್ಣ ದಿಂಬುಗಳು ಆಗೋದಿಲ್ಲ. ದೊಡ್ಡದನ್ನು ನಮ್ಮ ಊರಿಂದ ತರಿಸಬೇಕು, ಹಡಗು ಇಲ್ಲ.”

“ಇಲ್ಲೇ ಮಾಡಿದರೆ ಆಯ್ತಲ್ಲ ಅಮ್ಮಾವ್ರೇ.”

“ಅದಕ್ಕೇ ಕರೆದದ್ದು. ನನ್ನ ಕಣ್ಣು ಮಂಜಾಗ್ತಾ ಬಂತು. ಇದನ್ನು ಗೌರಿ ಮುಗಿಸಿದರೆ ರೂಮು ಅವಳದು. ಹುಡುಗಿಯರಿಗೆ ಅವಳೇ ಕಲಿಸಲಿ, ಸಂಬಳ ನಾನು ಕೊಡ್ತೇನೆ. ಆಗದಿದ್ದರೆ ಮುಚ್ಚಿಬಿಡ್ತೇನೆ. ಸಣ್ಣ ಪಟ್ಟಿಗಳನ್ನು ಯುದ್ಧದ ಕಾಲದಲ್ಲಿ ಯಾರೂ ಕೇಳ್ತಿಲ್ಲ.”

ಮುಚ್ಚಿದರೆ ಹುಡುಗಿಯರೆಲ್ಲ ಹಣ್ಣು ಕುಯ್ಯಲು, ಕಳೆ ಕೀಳಲು ತೋಟಕ್ಕೆ ಹೋಗಬೇಕು. ತೋಟದ ಕೆಲಸ ಕೀಳೆಂದು ನಾನು ಹೇಳುವುದಿಲ್ಲ, ನನ್ನ ಹೆಂಡತಿ ಸಣ್ಣಮ್ಮ ಅದರಲ್ಲೇ ಮುದುಕಿಯಾದಳು. ಆದರೆ ಗೌರಿಯ ಬೆರಳು ಬಾಬಿನ್ನಿನ ಮೇಲೆ ಓಡುವುದನ್ನು ಕಂಡವನಿಗೆ ಆ ಕೈಗೆ ಕತ್ತಿ ಕೊಡಲು ಮನಸ್ಸು ಬರುವುದಿಲ್ಲ.

ದೊಡ್ಡ ಕೆಲಸಕ್ಕೆ ಬೇರೆ ದಿಂಬು ಯಾಕೆ ಎಂದು ಗೌರಿ ದಾರಿಯಲ್ಲಿ ಹೇಳಿದಳು. “ಚಪ್ಪಟೆ ದಿಂಬಾದರೆ ಅಂಚು ಬಂದಾಗ ಲೇಸು ಬಿಚ್ಚಿ ಮೇಲಕ್ಕೆ ಸರಿಸಬೇಕು ಅಜ್ಜಯ್ಯ. ನಾಲ್ಕು ಜೋಡಿ ಬಾಬಿನ್ ಇದ್ದರೆ ಸರಿಸಬಹುದು. ಇದಕ್ಕೆ ನೂರಾರು ಬೇಕು. ಸರಿಸಲಿಕ್ಕೆ ಹೋದರೆ ಎಲ್ಲಾ ಸಿಕ್ಕು. ಹಾಗಾಗಿ ಉರುಳೋ ದಿಂಬು ಬೇಕು. ಉರುಳಿಸ್ತಾ ಹೋದರೆ ತುದಿ ಅನ್ನೋದೇ ಬರೋದಿಲ್ಲ.”

“ಮೃದಂಗದ ಹಾಗೆ?”

“ಮೃದಂಗದ ಹಾಗೇ. ಆದರೆ ನಡು ಉಬ್ಬಬಾರದು. ಕಾರ್ಡು ಸುತ್ತಿ ಬಂದು ತನ್ನ ಬಾಲವನ್ನು ತಾನೇ ಸರಿಯಾಗಿ ಮುಟ್ಟಬೇಕು. ಒಂದು ನೂಲು ಹೆಚ್ಚುಕಮ್ಮಿ ಆದರೆ ಹೂವು ಅರ್ಧಕ್ಕೆ ನಿಲ್ತದೆ.”

ಮೊದಲು ಬೂರುಗದ ಹತ್ತಿ ತುಂಬಿ ನೋಡಿದೆವು. ಚುಚ್ಚಿದ ಸೂಜಿ ಕುಡಿದವನಂತೆ ವಾಲಿತು. ಆಮೇಲೆ ನಮ್ಮವರಿಗೆಲ್ಲ ಹೊಳೆಯುವುದೇ ನಮಗೂ ಹೊಳೆಯಿತು. ಮನೆಖರ್ಚಿಗೆ ಹಣ್ಣುಗಾಫಿಯನ್ನು ಸಿಪ್ಪೆ ಸಮೇತ ಒಣಗಿಸಿ ಕುಟ್ಟಿದಾಗ ಉಳಿಯುವ ಹೊಟ್ಟು ರಾಶಿ ರಾಶಿ ಇತ್ತು. ಎಸ್ಟೇಟಿನಲ್ಲಿ ಅದು ಬೀಳದ ಜಾಗವಿಲ್ಲ: ಗಿಡದ ಬುಡಕ್ಕೆ ಅದೇ, ಕೊಟ್ಟಿಗೆಗೆ ಅದೇ, ನೆಲದ ಗುಂಡಿ ಮುಚ್ಚಲು ಅದೇ. ಹಗುರ, ಗರಿಗರಿ, ಕೇಳಿದಷ್ಟು ಸಿಗುತ್ತದೆ. ಕೇಳಿದವರೆಲ್ಲ ತಲೆದೂಗಿದರು. ಬೈನೆ ಮರದ ಪೊಳ್ಳು ಕೊಳವೆಯನ್ನು ನಡುವೆ ಇಟ್ಟು, ಸುತ್ತ ಗೋಣಿಯ ಚೀಲ ಹೊಲಿದು, ನಾನೇ ಹೊಟ್ಟು ತುಂಬಿದೆ. ಕೈ ತನ್ನ ಪಾಡಿಗೆ ಉಸಿರಾಡುವ ಜಾಗ ಬಿಟ್ಟಿತು. ಎರಡು ಗೂಟಗಳ ಮೇಲೆ ಕೂರಿಸಿದಾಗ ನೋಡಲು ಚೆನ್ನಾಗಿತ್ತು. ಬೇಸಗೆಯೆಲ್ಲ ಗೌರಿ ಅದರ ಮೇಲೆ ಹೆಣೆದಳು. ಸೂಜಿ ನಿಂತವು. ಒಂದು ಗಜಕ್ಕೂ ಹೆಚ್ಚು ಲೇಸು ಇಳಿದು ಹಿಂದಕ್ಕೆ ಸುತ್ತಿಕೊಂಡಿತು.

ಆಮೇಲೆ ಮುಂಗಾರು ಕೂತಿತು. ನಮ್ಮ ಕಡೆಯ ಮಳೆ ಬಾಗಿಲು ಮುಚ್ಚಿದರೂ ಒಳಗೆ ಬರುತ್ತದೆ. ಉಪ್ಪು ನೀರಾಗುತ್ತದೆ, ಬೆಂಕಿಪೊಟ್ಟಣ ಹತ್ತುವುದಿಲ್ಲ. ಒಂದು ಬೆಳಿಗ್ಗೆ ಗೌರಿ ಸ್ಟೋರಿನ ಬಾಗಿಲಿಗೆ ಬಂದು ನಿಂತಳು. “ಅಜ್ಜಯ್ಯ, ಬಂದು ನೋಡಿ” ಎಂದಳು.

ಹೊಟ್ಟು ತೇವ ಕುಡಿದು ಕೆಳಗೆ ಜಗ್ಗಿತ್ತು. ಮೇಲುಗಡೆ ಗೋಣಿ ಸಡಿಲಾಗಿ ಸೂಜಿಗಳೆಲ್ಲ ಒಂದೇ ಕಡೆಗೆ ಮಲಗಿದ್ದವು. ಅದನ್ನಾದರೂ ಸಹಿಸಬಹುದಿತ್ತು. ಗೋಣಿಯ ಮೂಲಕ ಹೊಟ್ಟಿನ ಕಂದು ನೀರು ಜಿನುಗಿ ಲೇಸಿನ ಅಂಚಿನುದ್ದಕ್ಕೂ ಏರಿತ್ತು. ಕಾಫಿ ಕಲೆ ಬಿಳಿ ಬಟ್ಟೆಯಿಂದ ಹೋಗುವುದಿಲ್ಲ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ನಮ್ಮ ಅಂಗಿ ಪಂಚೆಗಳೇ ಸಾಕ್ಷಿ. ಆದರೂ ದಿಂಬಿನ ಒಳಗೆ ಅದನ್ನೇ ತುಂಬಿದ್ದೆವು.

ರೈಟರು ಕೊಡೆ ಮಡಚುತ್ತ ಬಂದು ಇಣುಕಿದರು. “ಏನು ಮಂಜಯ್ಯ, ದಿಂಬಿಂದ ಡಿಕಾಕ್ಷನ್ ಇಳೀತಾ ಉಂಟಲ್ಲ. ಹಾಲು ತರಿಸಲಾ?”

“ಸಕ್ಕರೆನೂ ತರಿಸಿ ರೈಟರೇ,” ಎಂದಳು ಗೌರಿ ತಲೆ ಎತ್ತದೆ. “ನಿಮ್ಮ ಮೂಳೆಗೊಬ್ಬರದ ಪಕ್ಕ ಕೂತು ಕುಡಿಯೋಣ.”

ಅವರು ನಕ್ಕರು, ಪಾಪ, ಕೆಟ್ಟವರಲ್ಲ. ಗೌರಿ ಕತ್ತರಿ ತೆಗೆದುಕೊಂಡು ಅಷ್ಟೂ ಲೇಸನ್ನು ಕತ್ತರಿಸಿ ತೆಗೆದಳು.

ದೊರೆಸಾನಿಯವರು ಬಂದು ಕತ್ತರಿಸಿದ ತುಂಡನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಮದ್ರಾಸಿಗೆ ಆಗೋದಿಲ್ಲ ಎಂದು ಬರೆಯುತ್ತಾರೆ ಅಂದುಕೊಂಡೆ. ಅವರು ಒಳಗೆ ಹೋಗಿ ತಮ್ಮ ಸ್ವಂತದ ಸಣ್ಣ ದಿಂಬನ್ನು ಎತ್ತಿಕೊಂಡು ಬಂದರು. ಅದು ಅವರ ತಾಯಿಯದು. ಅವರ ಊರಿನಿಂದ ಸಮುದ್ರ ದಾಟಿ ಬಂದದ್ದು. ಹುಡುಗಿಯರೆಲ್ಲ ಮೊದಲ ಸೂಜಿ ಚುಚ್ಚಿದ್ದು ಅದರ ಮೇಲೆ. ಅದನ್ನು ಮೇಜಿನ ಮೇಲಿಟ್ಟು, “ಮಂಜಯ್ಯ, ನಿಮ್ಮ ಚೂರಿ ತೆಗೀರಿ” ಎಂದರು.

“ಬೇಡ ಅಮ್ಮಾ,” ಎಂದಳು ಗೌರಿ.

“ಒಳಗೆ ಏನಿದೆ ಅಂತ ನನಗೆ ಗೊತ್ತಿಲ್ಲ. ನನ್ನ ತಾಯಿಗೂ ಗೊತ್ತಿರಲಿಲ್ಲ. ಅಂಗಡಿಯಿಂದ ತಂದದ್ದು, ಕೆಲಸ ಮಾಡಿದ್ದು. ಕೊಯ್ದು ನೋಡದೆ ಇವರಿಗೆ ಹೇಗೆ ಗೊತ್ತಾಗ್ತದೆ?”

ಹೊಲಿಗೆಯ ಗುಂಟ ಚೂರಿಯ ತುದಿ ಇಟ್ಟು ಒಂದೊಂದೇ ದಾರ ಕುಯ್ದೆ. ಹೊದಿಕೆ ಬಿಚ್ಚಿಬಂತು. ಒಳಗಿನದು ಮೇಜಿನ ಮೇಲೆ ಸುರಿಯುತ್ತದೆ ಎಂದು ಗೌರಿ ಸೆರಗು ಒಡ್ಡಿ ನಿಂತಿದ್ದಳು. ಏನೂ ಸುರಿಯಲಿಲ್ಲ. ಹೊದಿಕೆ ಇಲ್ಲದೆಯೂ ದಿಂಬು ದಿಂಬಾಗಿಯೇ ಕುಳಿತಿತ್ತು.

ಅದು ಹುಲ್ಲು. ಬರೀ ಹುಲ್ಲು. ಬೆರಳ ಗೆಣ್ಣಿನಷ್ಟು ಚಿಕ್ಕದಾಗಿ ಕತ್ತರಿಸಿ, ಪದರದ ಮೇಲೆ ಪದರವಾಗಿ ಬಡಿದು ಬಡಿದು ಮರದಂತೆ ಮಾಡಿದ್ದರು. ಬೆರಳಿನಿಂದ ಕುಟ್ಟಿದರೆ ಟಕ್ ಎಂದಿತು. ಸೂಜಿ ಚುಚ್ಚಿದರೆ ಬೆಣ್ಣೆಗೆ ಹೋದಂತೆ ಹೋಗಿ ಅಲ್ಲೇ ನಿಂತಿತು. ನಾನು ಬಗ್ಗಿ ನೋಡುತ್ತ ಹೋದೆ. ತುಂಬಿದವನು ಎಲ್ಲಿಂದ ಶುರುಮಾಡಿದ, ಎಲ್ಲಿ ನಿಂತು ಬಡಿದ, ಮೂಲೆಗೆ ಬಂದಾಗ ಹುಲ್ಲನ್ನು ಹೇಗೆ ತಿರುಗಿಸಿದ, ಎಲ್ಲವೂ ಕಾಣುತ್ತಿತ್ತು. ಯಾವ ಊರಿನವನೋ, ಗಂಡಸೋ ಹೆಂಗಸೋ, ಸತ್ತು ಎಷ್ಟು ವರ್ಷವಾಯಿತೋ. ಅವನ ಮಾತು ನನಗೆ ಬರುವುದಿಲ್ಲ, ನನ್ನದು ಅವನಿಗೆ ಬರುತ್ತಿರಲಿಲ್ಲ. ಆದರೆ ಚೀಲ ತುಂಬುವ ಕೈ ಚೀಲ ತುಂಬುವ ಕೈಯನ್ನು ಗುರುತು ಹಿಡಿಯುತ್ತದೆ. ನಾನು ಕೈ ಮುಗಿದೆ. ದೊರೆಸಾನಿಯವರಿಗೆ ಮುಗಿದೆ ಎಂದು ಅವರು ತಿಳಿದುಕೊಂಡರು, ಇರಲಿ. ಅವತ್ತೇ ಒಂದು ಹುಲ್ಲೂ ಉದುರದಂತೆ ಅದನ್ನು ಮತ್ತೆ ಹೊಲಿದುಕೊಟ್ಟೆ.

ನಮ್ಮ ಮನೆಯ ಅಟ್ಟದ ಮೇಲೆ ವಸ್ತಾರೆ ಕಡೆಯಿಂದ ತಂದ ಹಳೇ ಭತ್ತದ ಹುಲ್ಲು ಇತ್ತು. ಒಲೆಯ ಹೊಗೆ ಕುಡಿದು ಕಡ್ಡಿಯಾಗಿತ್ತು. ಹುಳ ಹಿಡಿಯುವುದಿಲ್ಲ, ತೇವ ಎಳೆಯುವುದಿಲ್ಲ. ಅದನ್ನೇ ಕತ್ತರಿಸಿದೆವು. ನಾನು ತುಂಬಲು ಕೂತೆ. ಹಿಡಿ ಹಾಕುವುದು, ಒತ್ತುವುದು, ಹಿಡಿ ಹಾಕುವುದು, ಒತ್ತುವುದು. ಸಂಜೆ ಗೌರಿ ಸೂಜಿ ಚುಚ್ಚಿ ಪಕ್ಕಕ್ಕೆ ಎಳೆದಳು. ಅದು ಬಗ್ಗಿತು. ಬಿಚ್ಚಿ ಮತ್ತೆ ತುಂಬಿದೆ. ಮತ್ತೆ ಬಗ್ಗಿತು. ಜಡಿಯಬೇಕು ಎಂದು ತಲೆಗೆ ಗೊತ್ತು, ಕೈ ಮಾತ್ರ ಕೊನೆಯ ಗಳಿಗೆಯಲ್ಲಿ ಹಿಂದೆ ಸರಿಯುತ್ತಿತ್ತು.

ಒಲೆಯ ಹತ್ತಿರ ಕುಳಿತಿದ್ದ ಸಣ್ಣಮ್ಮ ಇದನ್ನೆಲ್ಲ ನೋಡುತ್ತಿದ್ದಳು. “ನಿಮ್ಮದು ಮೂಟೆ ಕೈ,” ಎಂದಳು. “ಅದಕ್ಕೆ ಕರುಣೆ ಜಾಸ್ತಿ. ಇತ್ತ ಕೊಡಿ.”

“ನಿನಗೆ ಎಂತ ಗೊತ್ತು ದಿಂಬಿನದು?”

“ದಿಂಬಿನದು ಗೊತ್ತಿಲ್ಲ. ಕುಟ್ಟೋದು ಗೊತ್ತು. ಮದುವೆಯಾಗಿ ಬಂದ ದಿನದಿಂದ ನಿಮ್ಮ ಮನೆ ಭತ್ತ ಕುಟ್ಟಿದ್ದು ಯಾರು?”

ಅವಳು ಕೊಳವೆಯನ್ನು ನೆಟ್ಟಗೆ ನಿಲ್ಲಿಸಿದಳು. ಸೊಸೆ ಚೆನ್ನಿಯನ್ನು ಕರೆದಳು. ಇಬ್ಬರೂ ಎದುರುಬದುರು ನಿಂತು, ಬಟ್ಟೆ ಸುತ್ತಿದ ಒನಕೆ ಹಿಡಿದು, ಒಬ್ಬಳು ಎತ್ತಿದಾಗ ಒಬ್ಬಳು ಇಳಿಸುವಂತೆ ಕುಟ್ಟಲು ಶುರುಮಾಡಿದರು. ನನ್ನ ಕೆಲಸ ಹಿಡಿ ಹಾಕುವುದಷ್ಟೇ ಆಯಿತು.

“ಅತ್ತೆ, ನಿಧಾನ. ಮಾವನ ಬೆರಳು ಉಂಟು.”

“ಬೆರಳು ತೆಗೆಯೋಕೆ ಅವರಿಗೆ ಬರ್ತದೆ. ಕೆಲಸದಿಂದ ತೆಗೆಯೋದು ಚೆನ್ನಾಗೇ ಅಭ್ಯಾಸ.”

ಹೀಗೆ ಹಲವು ದಿನ ಹಗಲೆಲ್ಲ ಕುಟ್ಟಿದರು. ಹೊರಗೆ ಮಳೆ, ಒಳಗೆ ಒನಕೆ. ಗೋಣಿ ಬಿಗಿಯುತ್ತ ಬಂದು, ದಬದಬ ಎನ್ನುತ್ತಿದ್ದ ಸದ್ದು ಕಲ್ಲಿನ ಸದ್ದಾಯಿತು. ಗೌರಿ ಕಾರ್ಡು ತಂದು ಸುತ್ತಿದಳು. ತುದಿ ತುದಿಯ ಮೇಲೆ ಒಂದು ಬೆರಳಿನಷ್ಟು ಬಿತ್ತು. ಅಂದರೆ ದಿಂಬು ಇನ್ನೂ ತೆಳುವಾಗಿತ್ತು. “ಇನ್ನೊಂದು ಬೆರಳು ಅಜ್ಜಿ.” ಮತ್ತೆ ಹುಲ್ಲು, ಮತ್ತೆ ಒನಕೆ. ಇನ್ನು ಕುಟ್ಟಿದರೆ ಗೋಣಿ ಹರಿಯುತ್ತದೆ ಎಂಬಲ್ಲಿಗೆ ಬಂತು. ಆಗ ಸಣ್ಣಮ್ಮ ಒನಕೆ ಬಿಟ್ಟು ತಾನು ಹೊದೆಯುವ ಕಂಬಳಿಯನ್ನು ಎಳೆದು ತಂದಳು. ಕುರಿ ಉಣ್ಣೆಯ ಕರೀ ಕಂಬಳಿ, ಹಳೇದಾಗಿ ನುಣ್ಣಗಾಗಿತ್ತು. ಅದನ್ನು ಬಿಗಿಯಾಗಿ ಒಂದು ಸುತ್ತು ಸುತ್ತಿ ನಾನು ಹೊಲಿದೆ. ಬಿಳಿ ದಾರ ಎದ್ದು ಕಾಣಲೆಂದು ಅದರ ಮೇಲೆ ಹಲವು ಸಲ ಒಗೆದ ನೀಲಿ ಬಟ್ಟೆ. ಉಣ್ಣೆಯಲ್ಲಿ ಸ್ವಲ್ಪ ಜಿಡ್ಡು ಇರುತ್ತದೆ. ಅದರಿಂದ ಮಳೆಗಾಲದಲ್ಲೂ ಸೂಜಿ ತುಕ್ಕು ಹಿಡಿಯಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಆಗ ನಮಗೆ ಬೇಕಾಗಿದ್ದದ್ದು ಆ ಒಂದು ಬೆರಳು ಮಾತ್ರ.

ಗೌರಿ ಕಾರ್ಡು ಸುತ್ತಿದಳು. ತುದಿ ಬಂದು ತುದಿಯನ್ನು ಮುಟ್ಟಿತು. ಅರ್ಧ ಹೂವು ಇನ್ನರ್ಧ ಹೂವಿಗೆ ಸೇರಿ ಒಂದಾಯಿತು. ನಾವು ನಾಲ್ವರೂ ಬಗ್ಗಿ ನೋಡಿದೆವು. ಅವಳು ಸೂಜಿ ಚುಚ್ಚಿ ಪಕ್ಕಕ್ಕೆ ಎಳೆದಳು. ಸೂಜಿ ಬಗ್ಗಲಿಲ್ಲ, ಅವಳ ಬೆರಳ ತುದಿ ಬೆಳ್ಳಗಾಯಿತು. “ನಿಂತಿತು,” ಎಂದಳು.

ಅದು ಭತ್ತದ ನಾಟಿಯ ಹೊತ್ತು. ಅಲ್ಲಿಂದ ಕಾಫಿ ಅರಳಿಸುವ ಈ ವರ್ಷದ ಹೂಮಳೆ ಬಂದುಹೋಗುವವರೆಗೆ ಅವಳು ಕೂತು ಹೆಣೆದಳು. ದಿಂಬನ್ನು ಲೇಸ್ ರೂಮಿಗೆ ಹೊತ್ತೊಯ್ಯಲು ಇಬ್ಬರು ಗಂಡಸರು ಬೇಕಾಯಿತು, ಆದರೆ ಗೂಟದ ಮೇಲೆ ಕೂತ ಮೇಲೆ ಗೌರಿಯ ಒಂದು ಕೈಗೆ ಉರುಳುತ್ತಿತ್ತು. ಮಳೆ ಜೋರಾದ ದಿನಗಳಲ್ಲಿ ಕೆಳಗೆ ಇದ್ದಿಲ ಅಗ್ಗಿಷ್ಟಿಕೆ ಇಡುತ್ತಿದ್ದೆವು. ಹೆಣೆದದ್ದು ಹಿಂದಿನಿಂದ ಇಳಿದು ಬಿಳಿ ಬಟ್ಟೆಯ ಚೀಲದೊಳಗೆ ಸೇರುತ್ತಿತ್ತು. ನಾನು ಸ್ಟೋರಿನ ಕೆಲಸ ಬಿಟ್ಟ ಮೇಲೆ ದಿನಾ ಹೋಗಿ ಬಾಗಿಲಲ್ಲಿ ಕೂರುತ್ತಿದ್ದೆ. ಬಾಬಿನ್ನುಗಳು ನೂರಾರು, ಒಂದಕ್ಕೊಂದು ತಾಗಿ ಕಿಟಿಕಿಟಿ ಸದ್ದು. ಅವಳ ಕಣ್ಣು ಕೈಯ ಮೇಲೆ ಇರುತ್ತಿರಲಿಲ್ಲ, ಕೈಯೇ ನೋಡುತ್ತಿತ್ತು. “ಹೇಗೆ ಗೊತ್ತಾಗ್ತದೆ ಯಾವುದು ಯಾವುದರ ಮೇಲೆ ಅಂತ?” ಎಂದು ಕೇಳಿದರೆ, “ನೀವು ಕೇಳಿದರೆ ಗೊತ್ತಾಗೋದಿಲ್ಲ ಅಜ್ಜಯ್ಯ, ಸುಮ್ಮನಿದ್ದರೆ ಗೊತ್ತಾಗ್ತದೆ” ಎಂದಳು.

ಇವತ್ತು ಬೆಳಿಗ್ಗೆ ಕೊನೆಯ ಗಂಟು ಹಾಕಿ, ಸೂಜಿಗಳನ್ನು ಒಂದೊಂದಾಗಿ ಕಿತ್ತಳು. ನಾವೆಲ್ಲ ಗೋಡೆಗೆ ಅಂಟಿಕೊಂಡು ನಿಂತಿದ್ದೆವು. ಲೇಸಿನ ಕೊನೆಯ ತುದಿ ದಿಂಬಿನಿಂದ ಬಿಟ್ಟುಕೊಂಡು ಅವಳ ತೋಳಿನ ಮೇಲೆ ಬಿತ್ತು. ಕಿಟಕಿಯಿಂದ ಬೆಳಕು ಅದರೊಳಗೆ ತೂರಿ ನೆಲದ ಮೇಲೆ ಹೂವಾಯಿತು. ಹುಲ್ಲು, ಗೋಣಿ, ಹೊಗೆ ವಾಸನೆಯ ಕಂಬಳಿ, ಇವುಗಳ ಮೇಲಿಂದ ಇಂಥದ್ದು ಎದ್ದು ಬಂತಲ್ಲ. ದೊರೆಸಾನಿಯವರಿಗೆ ಈಗ ಕಣ್ಣು ಬಹಳ ಮಂಜು. ಅವರು ಕುರ್ಚಿಯಲ್ಲಿ ಕೂತು ಐದು ಗಜವನ್ನೂ ಬೆರಳುಗಳ ನಡುವೆ ಹಾಯಿಸಿದರು, ಎಲ್ಲೂ ನಿಲ್ಲಲಿಲ್ಲ. ಮುಗಿದ ಮೇಲೆ ಎದ್ದು, ತಾವು ಕೂರುತ್ತಿದ್ದ ಕುರ್ಚಿಯನ್ನು ಗೌರಿಯ ಕಡೆಗೆ ತಿರುಗಿಸಿದರು. “ನಾಳೆಯಿಂದ ಹುಡುಗಿಯರು ನಿನ್ನ ಮುಂದೆ ಕೂರಲಿ,” ಎಂದರು. ಗೌರಿ ಕೂರಲಿಲ್ಲ, ಅವರ ಕಾಲು ಮುಟ್ಟಿದಳು. ಬಾಗಿಲಲ್ಲಿದ್ದ ರೈಟರು ಕನ್ನಡಕ ಒರೆಸಿಕೊಂಡು, “ಗೊಬ್ಬರಕ್ಕೆ ಬೇರೆ ಶೆಡ್ ನೋಡ್ತೇನೆ ಬಿಡಿ” ಎಂದರು.

ನನ್ನ ಕೆಲಸ ನನಗೆ ಏನು ಕಲಿಸಿತು ಎಂದು ಕೇಳಿದರೆ ಇಷ್ಟು ಹೇಳಬಲ್ಲೆ. ನಾನು ಜೀವನವೆಲ್ಲ ತುಂಬಿದ್ದು ಬೇರೆ ಊರಿಗೆ ಹೋಗಿ ಖಾಲಿಯಾಗುವ ಚೀಲಗಳನ್ನು. ಈ ಒಂದು ಚೀಲವನ್ನು ಮಾತ್ರ, ಇದ್ದಲ್ಲೇ ಇದ್ದು ಇನ್ನೊಬ್ಬರ ಕೆಲಸವನ್ನು ಹಿಡಿದುಕೊಳ್ಳಲಿ ಎಂದು ತುಂಬಿದೆವು. ಎರಡೂ ತುಂಬುವುದೇ, ಆದರೆ ಒಂದೇ ಕೈ ಸಾಲುವುದಿಲ್ಲ. ಚೀಲದ ಬಾಯಿ ತೆರೆಯುವ ಮೊದಲು ಇದು ಯಾತಕ್ಕೆ ಎಂದು ಕೇಳಬೇಕು. ತನ್ನ ಕೈಗೆ ಬಾರದಿದ್ದರೆ ಬರುವ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತು ಹಿಡಿ ಹಾಕಬೇಕು. ನನಗೆ ಇದು ತಿಳಿಯಲು ಕೆಲಸ ಬಿಡುವ ವಯಸ್ಸಾಯಿತು.

ಸಂಜೆ ಚೆನ್ನಿ ಕಡುಬು ಬೇಯಿಸಿದಳು. ಲಿಂಗಪ್ಪ ಹಳ್ಳದಿಂದ ಏಡಿ ಹಿಡಿದು ತಂದಿದ್ದ, ಅದರ ಸಾರು. ನಮ್ಮ ಮನೆಯಲ್ಲಿ ಗಂಡಸರು ಉಂಡೆದ್ದ ಮೇಲೆ ಹೆಂಗಸರು ಉಣ್ಣುವುದು ರೂಢಿ. ಲಿಂಗಪ್ಪನೂ ನಾನೂ ಎಂದಿನಂತೆ ಮಣೆ ಹಾಕಿಕೊಂಡು ಕೂತೆವು. ಗೌರಿ ಬಡಿಸಲು ಸೌಟು ಎತ್ತಿದಳು, ಬೆಳಿಗ್ಗೆ ಅಷ್ಟೂ ಸೂಜಿ ಕಿತ್ತ ಬೆರಳು ಅದನ್ನು ಸರಿಯಾಗಿ ಹಿಡಿಯಲಿಲ್ಲ.

“ಕೂತ್ಕೋ,” ಎಂದಳು ಸಣ್ಣಮ್ಮ. “ಚೆನ್ನಿ, ನೀನೂ ಕೂತ್ಕೋ. ಪಾತ್ರೆ ನಡುವೆ ಇಡು. ಬೇಕಾದವರು ಬೇಕಾದಷ್ಟು ಹಾಕ್ಕೊಳ್ಳಲಿ.”

“ಅಮ್ಮ, ಅಪ್ಪಯ್ಯಂಗೆ ಯಾರು ಬಡಿಸೋದು?” ಎಂದ ಲಿಂಗಪ್ಪ.

“ಅವರಿಗೆ ಕೈ ಇಲ್ವಾ?”

ಪಾತ್ರೆ ನಡುವೆ ಬಂತು. ಸುತ್ತಲೂ ಐವರು ಮಂಡಿಗೆ ಮಂಡಿ ತಾಗಿಸಿ ಕೂತೆವು. ಆ ಅಡಿಗೆಮನೆಯಲ್ಲಿ ಅಷ್ಟು ಜಾಗ ಉಂಟೆಂದು ನನಗೆ ಗೊತ್ತೇ ಇರಲಿಲ್ಲ. ಮೊದಲ ಕಡುಬನ್ನು ತೆಗೆದು, ಬಿಸಿ ಆರಲೆಂದು ಎರಡು ತುಂಡು ಮಾಡಿ, ನಾನೇ ಗೌರಿಯ ಎಲೆಗೆ ಹಾಕಿದೆ.